ಕಡಲಿನ ಲೆಕ್ಕದ ಪುಸ್ತಕ ಯಾರ ಮನೆಯಲ್ಲಿರಬೇಕು?

ಬಿಳಿ ಬಣ್ಣದ ಒಂದು ತಟ್ಟೆ. ಅಗಲ 30 ಸೆಂಟಿಮೀಟರ್. ಅದಕ್ಕೊಂದು ಹಗ್ಗ, ಹಗ್ಗಕ್ಕೆ ಮೀಟರಿಗೊಂದು ಗಂಟು. ದೋಣಿಯ ನೆರಳು ಬೀಳುವ ಕಡೆಯಿಂದ ಅದನ್ನು ನೀರಿಗೆ ಇಳಿಬಿಡಬೇಕು. ತಟ್ಟೆ ಕಣ್ಣಿಗೆ ಕಾಣದಾದ ಕೂಡಲೇ ಎಷ್ಟು ಗಂಟು ನೀರೊಳಗೆ ಹೋಗಿದೆ ಅಂತ ಎಣಿಸಿ ಬರೆದುಕೊಳ್ಳಬೇಕು. ನೀರು ತಿಳಿಯಾಗಿದ್ದರೆ ತುಂಬಾ ಆಳದವರೆಗೂ ಕಾಣುತ್ತದೆ. ಹೂಳು, ಪಾಚಿ ಜಾಸ್ತಿಯಿದ್ದರೆ ಬೇಗ ಮಾಯವಾಗುತ್ತದೆ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ ಇಂಥ ತಟ್ಟೆಗಳನ್ನು ಕಡಲಿನಲ್ಲಿ ಇಳಿಸಿ ನೋಡಿದರು. ಅವರು ಖಗೋಳ ವಿಜ್ಞಾನಿಯೂ ಹೌದು. ಸೆಕ್ಕಿ ತಟ್ಟೆ ಎಂಬ ಹೆಸರು ಹಾಗೆ ಬಂತು. ಸಮುದ್ರ ವಿಜ್ಞಾನಿಗಳು ಇವತ್ತಿಗೂ ಅದನ್ನು ಬಳಸುತ್ತಾರೆ.

ಕಡಲಿನ ಆರೋಗ್ಯದ ಬಗ್ಗೆ ಜನರ ಜೊತೆ ಮಾತಾಡುವುದು ನನ್ನ ಕೆಲಸ. ಮೀನುಗಾರರು, ವಿಜ್ಞಾನಿಗಳು, ಶಿಕ್ಷಕರು, ಅಧಿಕಾರಿಗಳು ಒಟ್ಟಿಗೆ ಕೂರುವಂತೆ ಮಾಡುವುದು ಅದರ ದೊಡ್ಡ ಪಾಲು. ನನ್ನ ಯಾವ ಭಾಷಣವೂ ಮಾಡದ ಕೆಲಸವನ್ನು ಈ ತಟ್ಟೆ ಮಾಡಿದ್ದನ್ನು ಕಂಡಿದ್ದೇನೆ.

ಶುರುವಿನ ದಿನಗಳಲ್ಲಿ ನಾನು ಪ್ರೊಜೆಕ್ಟರ್ ಹೊತ್ತುಕೊಂಡು ಹೋಗುತ್ತಿದ್ದೆ. ಬಲೆಗೆ ಸಿಕ್ಕಿ ಸತ್ತ ಆಮೆ, ಹಕ್ಕಿಯ ಹೊಟ್ಟೆಯೊಳಗಿನ ಪ್ಲಾಸ್ಟಿಕ್, ಬಣ್ಣ ಕಳೆದುಕೊಂಡು ಬೆಳ್ಳಗಾದ ಹವಳ. ಇಂಥ ಚಿತ್ರಗಳು. ಜನ ಸುಮ್ನೆ ಕೂತು ನೋಡುತ್ತಿದ್ದರು. ಪಾಪ ಅನ್ನುತ್ತಿದ್ದರು. ಆಮೇಲೆ ಎದ್ದು ಹೋಗುತ್ತಿದ್ದರು. ಒಮ್ಮೆ ಎಲ್ಲರೂ ಹೋದ ಮೇಲೆ ವಯಸ್ಸಾದ ಮೀನುಗಾರರೊಬ್ಬರು ಹತ್ತಿರ ಬಂದು ಕೇಳಿದರು: "ಮೇಡಂ, ನಮ್ಮ ನೀರಿನ ಬಣ್ಣ ಹದಿನೈದು ವರ್ಷದಿಂದ ಬದಲಾಗ್ತಾ ಇದೆ. ಅದರ ಫೋಟೊ ನಿಮ್ಮ ಹತ್ರ ಯಾಕಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇರೆ ಎಲ್ಲೆಲ್ಲಿಯದೋ ಕಡಲನ್ನು ತಂದು ತೋರಿಸಿದ್ದೆ. ಎದುರಿಗಿದ್ದ ಕಡಲಿನ ಬಗ್ಗೆ, ಅದನ್ನು ದಿನಾ ನೋಡುವವರನ್ನೇ ಕೇಳಿರಲಿಲ್ಲ. ಮುಂದಿನ ಸಲ ಪ್ರೊಜೆಕ್ಟರ್ ಬಿಟ್ಟು ತಟ್ಟೆ ತೆಗೆದುಕೊಂಡು ಹೋದೆವು.

ಆ ಊರಿನಲ್ಲಿ ನೀರು ಕದಡುವ ಬಗ್ಗೆ ಹಳೆಯ ಜಗಳವಿತ್ತು. ದೊಡ್ಡ ಬೋಟುಗಳು ದಡದ ಹತ್ತಿರ ಬಲೆ ಎಳೆದು ತಳದ ಕೆಸರೆಬ್ಬಿಸುತ್ತವೆ ಅಂತ ಸಣ್ಣ ದೋಣಿಯವರ ದೂರು. ಅದೆಲ್ಲ ನದಿ ಹೊತ್ತು ತರುವ ಮಣ್ಣು ಅಂತ ಬೋಟಿನವರ ವಾದ. ನಮ್ಮ ಜೊತೆಗಿದ್ದ ವಿಜ್ಞಾನಿಗೆ ಪಾಚಿಯ ಮೇಲೆ ಅನುಮಾನ. ಮೂವರೂ ಸೇರಿ ಅಳೆಯೋಣ ಅಂತ ಒಪ್ಪಿದರು. ಎಲ್ಲಿ ಅಳೆಯಬೇಕು ಅಂತ ಮೀನುಗಾರರು ಗುರುತು ಹಾಕಿಕೊಟ್ಟರು. ಪ್ರತಿ ಸಲ ಅದೇ ಜಾಗ, ಅದೇ ಹೊತ್ತು ಇರಬೇಕು ಅಂತ ವಿಜ್ಞಾನಿ ಹೇಳಿದರು. ಎರಡೂ ಕಡೆಯ ಹುಡುಗರು ಸರದಿಯ ಮೇಲೆ ಗಂಟು ಎಣಿಸಿದರು. ವರ್ಷ ತುಂಬುವಷ್ಟರಲ್ಲಿ ಪುಸ್ತಕದಲ್ಲಿ ಎರಡು ಕಥೆ ಕಂಡವು. ಮಳೆಗಾಲದಲ್ಲಿ ನದಿಯ ಬಾಯಲ್ಲಿ ನೀರು ಕದಡುತ್ತಿತ್ತು. ಮಳೆಯಿಲ್ಲದ ತಿಂಗಳುಗಳಲ್ಲಿ, ದಡದ ಹತ್ತಿರ ಬಲೆ ಎಳೆದ ದಿನಗಳಲ್ಲೂ ಕದಡುತ್ತಿತ್ತು. ಎರಡೂ ಕಡೆಯವರ ಮಾತಿನಲ್ಲಿ ಅರ್ಧರ್ಧ ನಿಜವಿತ್ತು. ಬೋಟಿನವರು ಅದನ್ನು ತಳ್ಳಿಹಾಕಲಿಲ್ಲ. ಆ ಅಂಕಿಗಳಲ್ಲಿ ಅರ್ಧವನ್ನು ಅವರ ಮನೆಯ ಮಕ್ಕಳೇ ಬರೆದಿದ್ದರಲ್ಲ. ದಡದ ಹತ್ತಿರ ಬಲೆ ಎಳೆಯಬಾರದ ದಿನಗಳನ್ನು ಅವರವರೇ ಕೂತು ಗೊತ್ತುಮಾಡಿಕೊಂಡರು.

ನಮ್ಮ ಕ್ಷೇತ್ರದಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಮೊದಲು ಮಾಹಿತಿ ಕೊಡಬೇಕು, ಮಾಹಿತಿಯಿಂದ ಕಾಳಜಿ ಹುಟ್ಟುತ್ತದೆ, ಆಮೇಲೆ ಜನ ಕೆಲಸಕ್ಕೆ ಇಳಿಯುತ್ತಾರೆ ಅಂತ. ನಾನು ಕಂಡಿದ್ದು ಹೆಚ್ಚಾಗಿ ಉಲ್ಟಾ. ಜನ ಸೇರಿ ಒಂದು ಕೆಲಸ ಮಾಡುತ್ತಾರೆ. ಮಾಡುವಾಗ ಗಮನ ಕೊಡುತ್ತಾರೆ. ಗಮನ ಕೊಟ್ಟಿದ್ದರ ಮೇಲೆ ಮಮತೆ ಬೆಳೆಯುತ್ತದೆ. 1986ರಲ್ಲಿ ಅಮೆರಿಕದ ಟೆಕ್ಸಸ್ ಕರಾವಳಿಯಲ್ಲಿ ಶುರುವಾಗಿ ಈಗ ಲೋಕದಾದ್ಯಂತ ನಡೆಯುವ ಕಡಲತೀರ ಸ್ವಚ್ಛತಾ ಅಭಿಯಾನವನ್ನೇ ನೋಡಿ. ಕಸ ಹೆಕ್ಕುವುದಷ್ಟೇ ಆಗಿದ್ದರೆ ಅದಕ್ಕೆ ಅಂಥ ಬೆಲೆ ಬರುತ್ತಿರಲಿಲ್ಲ. ಹೆಕ್ಕಿದ ಪ್ರತಿಯೊಂದನ್ನೂ ಕಾರ್ಡಿನಲ್ಲಿ ಬರೆದುಕೊಳ್ಳಿ ಅಂತ ಮೊದಲ ವರ್ಷವೇ ಹೇಳಿದ್ದರು. ಎಣಿಸಿದ್ದರಿಂದಲೇ ಯಾವ ಕಸ ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆ ಹುಟ್ಟಿತು.

ಗುಜರಾತಿನ ತಿಮಿಂಗಿಲ ಶಾರ್ಕ್ ಕಥೆಯನ್ನು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಭೂಮಿಯ ಮೇಲಿನ ಅತಿ ದೊಡ್ಡ ಮೀನು ಅದು. ಯಾರಿಗೂ ಕೇಡು ಮಾಡದ ಪ್ರಾಣಿ. ಸೌರಾಷ್ಟ್ರದ ಕರಾವಳಿಯಲ್ಲಿ ಅದರ ಪಿತ್ತಜನಕಾಂಗದ ಎಣ್ಣೆಯನ್ನು ದೋಣಿಗೆ ಬಳಿಯುತ್ತಿದ್ದರು, ಮಾಂಸ ಹೊರದೇಶಕ್ಕೆ ಹೋಗುತ್ತಿತ್ತು. 2001ರಲ್ಲಿ ವನ್ಯಜೀವಿ ಕಾಯ್ದೆಯಡಿ ಅದಕ್ಕೆ ರಕ್ಷಣೆ ಸಿಕ್ಕಿತು. ಆದರೆ ಕಾಗದದ ಮೇಲಿನ ಕಾನೂನು ದಡದವರೆಗೆ ತಲುಪಲು ಸಮಯ ಹಿಡಿಯುತ್ತದೆ ಅಲ್ವಾ. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತಿನ ಅರಣ್ಯ ಇಲಾಖೆ ಮತ್ತು ಇತರರು ಸೇರಿ ಅಭಿಯಾನ ಶುರುಮಾಡಿದರು. ರಾಮಕಥೆಗೆ ಹೆಸರಾದ ಮೊರಾರಿ ಬಾಪು ಜೊತೆಗೂಡಿದರು. ಈ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳಿಗೆ ಅವರು ಹೋಲಿಸಿದರು. 'ವ್ಹಾಲಿ', ಅಂದರೆ ಮುದ್ದಿನವಳು ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇದರ ಮುಂದಿನ ಭಾಗ. ಬಲೆಗೆ ಬಿದ್ದ ಮೀನನ್ನು ಬಿಡಬೇಕೆಂದರೆ ಬಲೆ ಕತ್ತರಿಸಬೇಕು. ಬಲೆ ಅಂದರೆ ಆ ಮನೆಯ ಬಂಡವಾಳ. ಹಾಗಾಗಿ ಹಾಳಾದ ಬಲೆಗೆ ಪರಿಹಾರ ಕೊಡುವ ವ್ಯವಸ್ಥೆ ಬಂತು. ಆಮೇಲೆ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಅಧಿಕಾರಿ ಬಂದು ನೋಡಲಿ ಅಂತ ಕಾಯದೆ, ಬಿಡುಗಡೆಯ ಫೋಟೊವನ್ನು ತಾವೇ ತೆಗೆದು ಕೊಡಬಹುದಿತ್ತು. ಮೀನು ಬಲೆಯಲ್ಲಿ ನರಳುವ ಹೊತ್ತೂ ಕಡಿಮೆಯಾಯಿತು. ಹೀಗೆ ನೂರಾರು ಮೀನುಗಳು ಮರಳಿ ಕಡಲಿಗೆ ಹೋಗಿವೆ. ಮಗಳು ಎಂಬ ಮಾತು ಮನಸ್ಸು ತೆರೆಯಿತು. ಆದರೆ ಬಲೆಯ ಹಣ ಮತ್ತು ಕ್ಯಾಮೆರಾ ಇಲ್ಲದಿದ್ದರೆ ಆ ಮಾತು ಬಹಳ ದಿನ ಬಾಳುತ್ತಿರಲಿಲ್ಲ ಅಂತ ನನ್ನ ನಂಬಿಕೆ.

ಅಮೆರಿಕದ ಮೇನ್ ರಾಜ್ಯದಲ್ಲಿ ಇನ್ನೊಂದು ರೀತಿಯ ಕೂಡುಕೆಲಸ ಇದೆ. ಮೊಟ್ಟೆ ಹೊತ್ತ ಲಾಬ್‌ಸ್ಟರ್ ಸಿಕ್ಕರೆ ಮೀನುಗಾರ ಅದರ ಬಾಲದಂಚಿಗೆ ಇಂಗ್ಲಿಷಿನ 'ವಿ' ಅಕ್ಷರದಂತೆ ಸಣ್ಣ ಕಚ್ಚು ಹಾಕಿ ನೀರಿಗೆ ಬಿಡುತ್ತಾನೆ. ಮುಂದೆಂದೋ ಅದು ಮೊಟ್ಟೆಯಿಲ್ಲದಾಗ ಬೇರೆಯವನ ಬೋನಿಗೆ ಬಿದ್ದರೆ, ಕಚ್ಚು ನೋಡಿದವನೇ ಬಿಟ್ಟುಬಿಡಬೇಕು. ಈಗ ಅದು ಕಾನೂನೂ ಹೌದು. ಒಬ್ಬ ಮೀನುಗಾರ ಪರಿಚಯವೇ ಇಲ್ಲದ ಇನ್ನೊಬ್ಬನಿಗೆ ಕಳಿಸಿದ ಓಲೆ ಅದು: ಇದು ತಾಯಿ, ಬಿಡು ಅಂತ.

ಇಂಥ ಕಥೆ ಹೇಳುವಾಗ ಗೆದ್ದ ಅಂಕಿಗಳನ್ನಷ್ಟೇ ಮುಂದಿಡುವ ಆಸೆ ನಮಗೆಲ್ಲ ಇರುತ್ತದೆ. ಮೆಕ್ಸಿಕೋದ ಕಾಬೊ ಪುಲ್ಮೊದಲ್ಲಿ ಊರವರ ಒತ್ತಾಸೆಯಿಂದಲೇ 1995ರಲ್ಲಿ ಸಮುದ್ರ ಉದ್ಯಾನ ಆಯಿತು. 1999ರಿಂದ 2009ರ ನಡುವೆ ಅಲ್ಲಿನ ಮೀನುಗಳ ಒಟ್ಟು ತೂಕ ಶೇಕಡಾ 463ರಷ್ಟು ಹೆಚ್ಚಿತು. ಬಲೆ ಬಿಟ್ಟವರು ಪ್ರವಾಸಿಗರನ್ನು ನೀರೊಳಗೆ ಕರೆದೊಯ್ಯುವ ಕೆಲಸ ಹಿಡಿದರು. ಅಂಕಿ ನಿಜ, ಸಂತೋಷವೂ ನಿಜ. ಆದರೆ ಮೀನು ತುಂಬಿಕೊಳ್ಳಲು ವರ್ಷಗಳು ಬೇಕು. ಮೊದಲು ಬರುವುದು ನಷ್ಟ. ಆ ವರ್ಷಗಳಲ್ಲಿ ಮನೆ ಹೇಗೆ ನಡೆಯಬೇಕು, ಯಾರು ಭರಿಸಬೇಕು? ಈ ಪ್ರಶ್ನೆ ಮೊದಲ ಸಭೆಯಲ್ಲೇ ಬರದಿದ್ದರೆ ನಾನೇ ಎತ್ತುತ್ತೇನೆ. ಅದಕ್ಕೆ ಉತ್ತರ ಕೊಡದೆ ಸಹಭಾಗಿತ್ವ ಅನ್ನುವುದು ಬಡವರಿಂದ ಬಿಟ್ಟಿ ತ್ಯಾಗ ಕೇಳಿದಂತೆ.

ಸಭೆಗೆ ಯಾರು ಬಂದಿಲ್ಲ ಅಂತಲೂ ನೋಡುತ್ತೇನೆ. ಬೋಟಿನ ಮಾಲೀಕರು ಬರುತ್ತಾರೆ, ಬೋಟಿನಲ್ಲಿ ದುಡಿಯುವವರು ಬರುವುದಿಲ್ಲ. ದಡದಲ್ಲಿ ಮೀನು ಬೇರ್ಪಡಿಸುವ, ಮಾರುವ ಹೆಂಗಸರನ್ನು ಕರೆಯಲು ಮರೆತಿರುತ್ತಾರೆ. ಮೀನಿನ ಗಾತ್ರ ಸಣ್ಣದಾಗುತ್ತಿದೆ, ಒಂದು ಜಾತಿ ಬರುವುದೇ ನಿಂತಿದೆ ಅಂತ ಮೊದಲು ಗೊತ್ತಾಗುವುದು ಅವರ ಕೈಗಳಿಗೆ. ಸಭೆ ಅವರ ಕೆಲಸ ಮುಗಿದ ಮೇಲೆ ಇರಬೇಕು, ಅವರು ಕೂರುವ ಜಾಗದಲ್ಲೇ ಇರಬೇಕು.

ಕಡಲನ್ನೇ ನೋಡದವರ ಪಾಲೂ ಇದರಲ್ಲಿದೆ. ಮಿಸಿಸಿಪ್ಪಿ ನದಿಗೆ ಅಮೆರಿಕದ 31 ರಾಜ್ಯಗಳ ನೀರು ಸೇರುತ್ತದೆ. ಹೊಲಗಳಿಂದ ತೊಳೆದು ಬಂದ ಗೊಬ್ಬರ ಮೆಕ್ಸಿಕೋ ಕೊಲ್ಲಿಯಲ್ಲಿ ಪಾಚಿಯನ್ನು ಉಕ್ಕಿಸುತ್ತದೆ. ಪಾಚಿ ಸತ್ತು ಕೊಳೆಯುವಾಗ ತಳದ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ಬೇಸಿಗೆ ಬಂತೆಂದರೆ ಅಲ್ಲಿ ಮೀನಿಗೆ ಉಸಿರಾಡಲು ಆಗುವುದಿಲ್ಲ. ಇದರಲ್ಲಿ ರೈತರನ್ನು ಅಪರಾಧಿಗಳಂತೆ ನಿಲ್ಲಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಹರಿದುಹೋದ ಗೊಬ್ಬರ ಅವರ ಜೇಬಿನ ದುಡ್ಡು ಕೂಡ. ಹೊಲದಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬಲ್ಲಿಂದ ಶುರುಮಾಡಿದರೆ ರೈತರೂ ಮೀನುಗಾರರೂ ಒಂದೇ ಕಡೆ ಕೂರಬಹುದು.

ಜೊತೆಗೆ ಕೆಲಸ ಮಾಡುವವರಿಗೆ ನನ್ನದೊಂದು ಬೇಡಿಕೆ ಇದೆ. ಉತ್ಸಾಹದಲ್ಲಿ ಉಪ್ಪು ಖಾರ ಹಚ್ಚಬೇಡಿ. ನಾವು ಉಸಿರಾಡುವ ಎರಡರಲ್ಲೊಂದು ಉಸಿರು ಕಡಲಿನದು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಭೂಮಿಯಲ್ಲಿ ತಯಾರಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧ ಕಡಲಿನ ಸೂಕ್ಷ್ಮ ಸಸ್ಯಗಳಿಂದ ಬರುತ್ತದೆ ಅನ್ನುವುದು ಸರಿ. ಆದರೆ ಹೆಚ್ಚುಕಡಿಮೆ ಅಷ್ಟನ್ನೂ ಕಡಲಿನ ಜೀವಿಗಳೇ ಬಳಸಿಕೊಳ್ಳುತ್ತವೆ. ಒಬ್ಬ ವಿದ್ಯಾರ್ಥಿನಿ ಇದನ್ನು ಓದಿಕೊಂಡು ಬಂದು ಕೇಳಿದಾಗ, ಅಲ್ಲಿಯವರೆಗೆ ನಾನು ಹೇಳಿದ್ದೆಲ್ಲದರ ಮೇಲೂ ತರಗತಿಗೆ ಅನುಮಾನ ಬಂತು. ನಾವು ಹೊರಸೂಸುವ ಅನಿಲಗಳಿಂದ ಭೂಮಿಯಲ್ಲಿ ಸೇರಿಕೊಂಡ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ರಷ್ಟನ್ನು ಕಡಲು ಹೀರಿಕೊಂಡಿದೆ. ಇದು ನಿಜ, ಇದಕ್ಕೆ ಏನನ್ನೂ ಸೇರಿಸಬೇಕಿಲ್ಲ.

ಮತ್ತೆ ಆ ತಟ್ಟೆಯ ಊರಿಗೆ ಬರುತ್ತೇನೆ. ಅಳತೆಯ ಪುಸ್ತಕ ಎಲ್ಲಿರಬೇಕು ಅಂತ ಶುರುವಿನಲ್ಲೇ ಪ್ರಶ್ನೆ ಎದ್ದಿತ್ತು. ಕಳೆದುಹೋಗಬಾರದು, ನಮ್ಮ ಕಚೇರಿಯಲ್ಲಿರಲಿ ಅಂತ ನಾವು ಅಂದಿದ್ದೆವು. ಅವರು ಒಪ್ಪಲಿಲ್ಲ. ಪುಸ್ತಕ ಊರಿನಲ್ಲೇ, ಒಬ್ಬರ ಮನೆಯಲ್ಲಿ ಉಳಿಯಿತು. ಅಂಕಿ ಬೇಕಾದಾಗ ನಾವೇ ಹೋಗಿ ಕೇಳಿ, ಫೋಟೊ ತೆಗೆದುಕೊಂಡು ಬರುತ್ತೇವೆ. ಕಳೆದ ಸಲ ಹೋದಾಗ ಪುಟದಲ್ಲಿ ಹೊಸದೊಂದು ಕಾಲಂ ಸೇರಿತ್ತು: ಜೆಲ್ಲಿ ಮೀನು ಕಂಡ ದಿನ. ನಾವು ಹೇಳಿರಲಿಲ್ಲ. ಅವರೇ ಗೆರೆ ಎಳೆದು ಮಾಡಿಕೊಂಡಿದ್ದರು.