ತೋಟಕ್ಕೆ ಸುಣ್ಣ ಸರಿ, ರಕ್ತಕ್ಕೆ ಸೋಡಾ ಯಾಕೆ?

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರೊಬ್ಬರು ಹಾಸನದ ನನ್ನ ಕ್ಲಿನಿಕ್ಕಿಗೆ ಒಂದು ನೋಟ್‌ಬುಕ್ ಹಿಡಿದು ಬಂದರು. ದಿನಾ ಎಷ್ಟು ಇಂಚು ಮಳೆ ಬಿತ್ತು ಅಂತ ಬರೆದಿಡುವ ಪುಸ್ತಕ ಅದು. ಎಡಗಡೆ ಮಳೆಯ ಲೆಕ್ಕ, ಬಲಗಡೆ ಅವರ ಮೂತ್ರದ ಪಿಎಚ್ ಲೆಕ್ಕ. ಪಿಎಚ್ ಅಂದರೆ ಹುಳಿ ಅಳೆಯುವ ಅಂಕಿ: ಏಳಕ್ಕಿಂತ ಕೆಳಗಿದ್ದರೆ ಆಮ್ಲ, ಅಂದರೆ ಹುಳಿ; ಮೇಲಿದ್ದರೆ ಕ್ಷಾರ. ಬೆಳಿಗ್ಗೆ 5.5, ಸಂಜೆ 6, ಹೀಗೆ ಎರಡು ತಿಂಗಳದ್ದು. ‘ಈಗ ಏಳೂವರೆಗೆ ತಂದಿದೀನಿ ಡಾಕ್ಟ್ರೇ, ಮೈಯಲ್ಲಿ ಹುಳಿ ಇಲ್ಲ’ ಅಂದರು. ತಂದದ್ದು ಹೇಗೆ? ಬೆಳಿಗ್ಗೆ ಒಂದು ಚಮಚ, ರಾತ್ರಿ ಒಂದು ಚಮಚ ಅಡುಗೆ ಸೋಡಾ. ಜೊತೆಗೆ ಬಿಪಿ ಮಾತ್ರೆಯನ್ನು ಅರ್ಧಕ್ಕೆ ಇಳಿಸಿಕೊಂಡಿದ್ದರು. ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದೆ. ಬಿದ್ದ ಗುಳಿ ಹಾಗೇ ನಿಂತಿತ್ತು, ಅಷ್ಟು ಊದಿತ್ತು ಕಾಲು. ಬಿಪಿ 170 ದಾಟಿತ್ತು.

ಅವರನ್ನು ದಡ್ಡರು ಅನ್ನಲು ನನಗೆ ಮನಸ್ಸು ಬರಲಿಲ್ಲ. ಮಲೆನಾಡಿನ ಭಾರೀ ಮಳೆಗೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೊಚ್ಚಿಹೋಗಿ ತೋಟ ಹುಳಿಯಾಗುತ್ತದೆ. ಯೂರಿಯಾ ಸುರಿದಷ್ಟೂ ಇನ್ನಷ್ಟು. ಮಣ್ಣು ಪರೀಕ್ಷೆ ಮಾಡಿಸಿ, ಪಿಎಚ್ ನೋಡಿ, ಸುಣ್ಣ ಹಾಕಿ ಅಂತ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳುವುದನ್ನು ಇವರು ಜೀವನವಿಡೀ ಪಾಲಿಸಿದ್ದಾರೆ, ಫಸಲೂ ತೆಗೆದಿದ್ದಾರೆ. ಫೋನಿನಲ್ಲಿ ಯಾರೋ ‘ನಿಮ್ಮ ರಕ್ತ ಆಮ್ಲೀಯವಾಗಿದೆ, ಕ್ಷಾರ ಸೇರಿಸಿ’ ಅಂದಾಗ ಅದು ತಮ್ಮದೇ ಭಾಷೆ ಅನ್ನಿಸಿದೆ.

ಆದರೆ ಮಣ್ಣಿಗೆ ಶ್ವಾಸಕೋಶ ಇಲ್ಲ, ಕಿಡ್ನಿ ಇಲ್ಲ. ನಿಮಗೆ ಎರಡೂ ಇವೆ. ಈ ಒಂದು ಮಾತನ್ನು ವಾರಕ್ಕೆ ನಾಲ್ಕು ಸಲ ಹೇಳುತ್ತೇನೆ. ಇಲ್ಲಿ ಇನ್ನೊಮ್ಮೆ ನಿಧಾನವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45ರ ನಡುವೆ ಇರುತ್ತದೆ. ಬಾಡೂಟ ಉಂಡರೂ ಅಷ್ಟೇ, ಸೊಪ್ಪಿನ ಬಸ್ಸಾರು ಉಂಡರೂ ಅಷ್ಟೇ. ದೇಹ ದಿನಕ್ಕೆ ಸುಮಾರು 15,000 ಮಿಲಿಮೋಲ್ (ರಾಸಾಯನಿಕಗಳನ್ನು ಲೆಕ್ಕ ಹಾಕುವ ಒಂದು ಅಳತೆ) ಇಂಗಾಲದ ಡೈಆಕ್ಸೈಡ್ ಹುಟ್ಟಿಸುತ್ತದೆ. ಅದು ರಕ್ತದಲ್ಲೇ ಉಳಿದರೆ ಆಮ್ಲವಾಗುತ್ತದೆ, ಆದರೆ ನಾವು ಉಸಿರು ಬಿಡುತ್ತಾ ಹೊರಗೆ ಹಾಕುತ್ತೇವೆ. ಊಟದಿಂದ ಉಳಿಯುವ ಆಮ್ಲ ಅದರ ಮುಂದೆ ಎಷ್ಟು? ದಿನಕ್ಕೆ 50ರಿಂದ 100 ಮಿಲಿಮೋಲ್. ಅಷ್ಟನ್ನು ಕಿಡ್ನಿ ಸದ್ದಿಲ್ಲದೆ ಮೂತ್ರಕ್ಕೆ ಸಾಗಿಸುತ್ತದೆ. ಅದಕ್ಕೇ ಮೂತ್ರದ ಪಿಎಚ್ 4.5ರಿಂದ 8ರವರೆಗೆ ದಿನವಿಡೀ ಏರಿಳಿಯುತ್ತದೆ. ರಕ್ತ ಅಲುಗಾಡದಿರಲಿ ಅಂತಲೇ ಮೂತ್ರ ಅಲುಗಾಡುವುದು. ಬೆಳಿಗ್ಗೆ ಸ್ಟ್ರಿಪ್ಪಿನಲ್ಲಿ 5.5 ಬಂದರೆ ಕಿಡ್ನಿ ಆಮ್ಲವನ್ನು ಹೊರಗೆ ಹಾಕುತ್ತಿದೆ ಎಂದರ್ಥ. ರಕ್ತದ ಪಿಎಚ್ಚೇ ಬೇಕೆಂದರೆ ಸಾಮಾನ್ಯವಾಗಿ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ತಡಮಾಡದೆ ಯಂತ್ರಕ್ಕೆ ಕೊಡಬೇಕು.

ಇದೇನೂ ಹೊಸ ಸಂಗತಿಯಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ ಅವರ ಪ್ರಯೋಗಾಲಯಕ್ಕೆ ಸಂತೆಯಿಂದ ಮೊಲಗಳನ್ನು ತಂದಿದ್ದರು. ಹುಲ್ಲು ತಿನ್ನುವ ಮೊಲದ ಮೂತ್ರ ಸಾಮಾನ್ಯವಾಗಿ ಕದಡಿದ್ದು, ಕ್ಷಾರೀಯ. ಇವುಗಳದ್ದು ತಿಳಿಯಾಗಿ ಆಮ್ಲೀಯವಾಗಿತ್ತು. ಹೊಟ್ಟೆಗಿಲ್ಲದೆ ತಮ್ಮ ಮಾಂಸವನ್ನೇ ಕರಗಿಸಿಕೊಂಡಿರಬೇಕು ಅಂತ ಊಹಿಸಿ ಹುಲ್ಲು ಹಾಕಿಸಿದರು. ಮೂತ್ರ ಮತ್ತೆ ಕ್ಷಾರಕ್ಕೆ ತಿರುಗಿತು. ತಿಂದದ್ದು ಮೂತ್ರವನ್ನು ಬದಲಿಸುತ್ತದೆ, ಅಷ್ಟು ನಿಜ. ಅದನ್ನೇ ರಕ್ತಕ್ಕೆ ಅಂಟಿಸಿ ವ್ಯಾಪಾರ ಮಾಡಿದವರು ಆಮೇಲೆ ಬಂದರು. ಅಮೆರಿಕದಲ್ಲಿ ಇದನ್ನೇ ಪ್ರಚಾರ ಮಾಡಿದ ರಾಬರ್ಟ್ ಯಂಗ್ ಎಂಬಾತ ಪರವಾನಗಿಯಿಲ್ಲದೆ ವೈದ್ಯವೃತ್ತಿ ಮಾಡಿದ್ದಕ್ಕೆ 2016ರಲ್ಲಿ ತಪ್ಪಿತಸ್ಥನಾದ. ಅವನನ್ನು ನಂಬಿದ ಕ್ಯಾನ್ಸರ್ ರೋಗಿಯೊಬ್ಬರಿಗೆ ಹತ್ತೂವರೆ ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು 2018ರಲ್ಲಿ ತೀರ್ಪಾಯಿತು.

ಸೋಡಾದ ವಿಷಯಕ್ಕೆ ಬರುತ್ತೇನೆ. ಒಂದು ಟೀ ಚಮಚ ಅಡುಗೆ ಸೋಡಾದಲ್ಲಿ 1,200 ಮಿಲಿಗ್ರಾಂಗೂ ಮೇಲೆ ಸೋಡಿಯಂ ಇದೆ. ಉಪ್ಪಿನಲ್ಲಿರುವುದೂ ಅದೇ, ಮೈಯಲ್ಲಿ ನೀರು ನಿಲ್ಲಿಸಿ ಬಿಪಿ ಏರಿಸುವುದೂ ಅದೇ. ದಿನಕ್ಕೆ 2,000 ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮ ಬೆಳೆಗಾರರು ಸಾರಿನ ಉಪ್ಪು ಬಾಯಿಗೆ ಹೋಗುವ ಮುಂಚೆಯೇ ಆ ಗಡಿ ದಾಟಿರುತ್ತಿದ್ದರು. ಕಾಲೂತಕ್ಕೆ ಸೋಡಾ ಒಂದೇ ಕಾರಣ ಅಂತ ನಾನು ಹೇಳಲಾರೆ. ಸೋಡಾ ನಿಲ್ಲಿಸಿದ್ದರ ಜೊತೆಗೆ ಮಾತ್ರೆಯನ್ನೂ ಮೊದಲಿನ ಪ್ರಮಾಣಕ್ಕೆ ತಂದಿದ್ದೆವಲ್ಲ. ಮೂರನೇ ವಾರಕ್ಕೆ ಚಪ್ಪಲಿಯ ಪಟ್ಟಿ ಮತ್ತೆ ಸಡಿಲವಾಗಿತ್ತು.

ಇನ್ನು ‘ನಂಗೆ ಆಸಿಡಿಟಿ ಇದೆ, ಅಂದ್ರೆ ರಕ್ತಾನೂ ಹುಳಿ ಅಲ್ವಾ?’ ಅನ್ನುವವರು. ಅಲ್ಲ. ಹೊಟ್ಟೆಯಲ್ಲಿ ಆಮ್ಲ ಇರಲೇಬೇಕು. ಅದು ಅನ್ನನಾಳಕ್ಕೆ ಉಕ್ಕಿದರೆ ಎದೆ ಉರಿಯುತ್ತದೆ. ಅದು ಬೇರೆ ಕಾಯಿಲೆ, ಅದಕ್ಕೆ ಬೇರೆ ಔಷಧಿ ಇದೆ.

ನನಗೆ ನಿಜವಾಗಿ ಸಂಕಟವಾಗುವುದು ಚನ್ನರಾಯಪಟ್ಟಣದ ಕಡೆಯ ಆ ಅಜ್ಜಿಯನ್ನು ನೆನೆದಾಗ. ಮಗ ಫೋನಿನಲ್ಲಿ ಕಳಿಸಿದ ಪಟ್ಟಿಯಲ್ಲಿ ಧಾನ್ಯ, ಬೇಳೆ, ಹಾಲು ಎಲ್ಲ ‘ಆಮ್ಲ’ದ ಸಾಲಿನಲ್ಲಿದ್ದವಂತೆ. ಅರವತ್ತು ವರ್ಷ ಉಂಡ ಮುದ್ದೆಯನ್ನು ಬಿಟ್ಟು ಸೌತೆಕಾಯಿ, ಕುಂಬಳಕಾಯಿ ರಸದಲ್ಲಿ ದಿನ ದೂಡಿದ್ದರು. ಏಳು ಕೆಜಿ ಇಳಿದಿದ್ದರು, ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆಮ್ಲ ಮೂಳೆ ಕರಗಿಸುತ್ತದೆ ಅಂತ ಹೆದರಿಸಿ, ಮೂಳೆ ಉಳಿಯಲಿ ಅಂತಲೇ ರಾಗಿ ಬಿಡಿಸಿದರೆ ಏನು ಹೇಳೋಣ? ಸೊಪ್ಪು ತರಕಾರಿ ಬೇಕು, ಹೆಚ್ಚಾಗೇ ತಿನ್ನಿ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಅವರೆಕಾಳಿನ ಸಾರು, ಮೊಸರು ಪಕ್ಕದಲ್ಲೇ ಇರಲಿ.

ರಕ್ತ ನಿಜಕ್ಕೂ ಆಮ್ಲೀಯವಾಗುವ ಸಂದರ್ಭಗಳಿವೆ, ಅವು ಅಡುಗೆಮನೆಯಲ್ಲಿ ಸರಿಹೋಗುವಂಥವಲ್ಲ. ಕಿಡ್ನಿ ಸೋತವರಿಗೆ ನಾವೇ ಸೋಡಾ ಮಾತ್ರೆ ಕೊಡುತ್ತೇವೆ, ರಕ್ತ ಪರೀಕ್ಷೆ ನೋಡಿ, ಅಳೆದು. ಅವರು ‘ಕ್ಷಾರ’ ಅಂತ ಎಳನೀರು ಕುಡಿದರೆ ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ. ಕೆಲವು ಬಗೆಯ ಮೂತ್ರದ ಕಲ್ಲಿಗೆ ಮೂತ್ರದ ಪಿಎಚ್ ಏರಿಸುವ ಔಷಧಿಯೂ ಉಂಟು. ಅಂಥವರು ತಮ್ಮ ವೈದ್ಯರು ಹೇಳಿದ್ದನ್ನು ಈ ಲೇಖನ ಓದಿ ನಿಲ್ಲಿಸಬೇಡಿ.

ಇನ್ನೊಂದು ಮಾತು, ಸಕ್ಕರೆ ಕಾಯಿಲೆಯವರಿಗೆ. ಇನ್ಸುಲಿನ್ ತಪ್ಪಿಸಿದವರಿಗೆ ವಾಂತಿ, ಹೊಟ್ಟೆನೋವು, ಏದುಸಿರಿನಂಥ ಆಳವಾದ ಉಸಿರಾಟ, ಬಾಯಲ್ಲಿ ಕೊಳೆತ ಹಣ್ಣಿನ ವಾಸನೆ ಕಂಡರೆ ರಕ್ತ ಆಮ್ಲವಾಗುತ್ತಿರಬಹುದು. ಆಗ ಕ್ಷಾರ ಮಾಡುತ್ತದೆ ಅಂತ ನಿಂಬೆಹಣ್ಣು ಹಿಂಡುತ್ತಾ ಕೂರಬೇಡಿ. ರಾತ್ರಿ ಎರಡು ಗಂಟೆಯಾಗಿರಲಿ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಕರೆತನ್ನಿ.