ಹಾರುವ ಬಾಳೆಹಣ್ಣು ಸೊಟ್ಟಗಿದ್ದದ್ದು ಯಾಕೆ?

ಪಚ್ಚಬಾಳೆ ಹಣ್ಣೊಂದನ್ನು ಮೇಜಿನ ಮೇಲಿಟ್ಟರೆ ತುದಿ ಮೇಲಕ್ಕೆ ಎದ್ದು ನಿಲ್ಲುತ್ತದಲ್ಲ, ಥೇಟ್ ಹಾಗೇ ಇತ್ತು ಅಮೆರಿಕದ ಆ ಹಳೆಯ ಹೆಲಿಕಾಪ್ಟರಿನ ಮೈ. ಮುಂದೊಂದು ರೋಟರ್ (ಮೇಲೆ ಗಿರಗಿರ ತಿರುಗುವ ರೆಕ್ಕೆಗಳು), ಎತ್ತರದ ಬಾಲದ ಮೇಲೆ ಇನ್ನೊಂದು. ಸೈನಿಕರು ಇಟ್ಟ ಹೆಸರು 'ಹಾರುವ ಬಾಳೆಹಣ್ಣು'. ಗೇಲಿಯ ಹೆಸರೇ. ಆದರೆ ಆ ಸೊಟ್ಟು ಸುಮ್ನೆ ಬಂದದ್ದಲ್ಲ.

ಅದನ್ನು ರೂಪಿಸಿದ ಫ್ರಾಂಕ್ ಪಿಯಾಸೆಕಿ ಅಮೆರಿಕದ ಫಿಲಡೆಲ್ಫಿಯಾದವರು, ಪೋಲೆಂಡಿನಿಂದ ವಲಸೆ ಬಂದ ದರ್ಜಿಯ ಮಗ. 1943ರಲ್ಲಿ, 23ನೇ ವಯಸ್ಸಿಗೇ, ಗೆಳೆಯರ ಜೊತೆ ಕಟ್ಟಿದ ಒಂದು ಸೀಟಿನ ಹೆಲಿಕಾಪ್ಟರನ್ನು ತಾವೇ ಹಾರಿಸಿದರು. ಅದಕ್ಕೆ ಎಲ್ಲರಿಗೂ ಗೊತ್ತಿರುವ ವಿನ್ಯಾಸ: ಮೇಲೊಂದು ದೊಡ್ಡ ರೋಟರ್, ಬಾಲದಲ್ಲೊಂದು ಪುಟ್ಟದು. ದೊಡ್ಡದು ಒಂದು ಕಡೆ ತಿರುಗಿದರೆ ಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದೇ ಪುಟ್ಟದರ ಕೆಲಸ. ಅದು ತಿನ್ನುವ ಶಕ್ತಿಯಿಂದ ಒಂದು ಕೆಜಿ ಸಾಮಾನೂ ಮೇಲೇಳುವುದಿಲ್ಲ. ಜೊತೆಗೆ, ಭಾರವೆಲ್ಲ ದೊಡ್ಡ ರೋಟರಿನ ಕೆಳಗೇ ಇರಬೇಕು.

ಜಾಸ್ತಿ ಜನರನ್ನು ಹೊರುವ ಯಂತ್ರಕ್ಕೆ ಪಿಯಾಸೆಕಿ ಎರಡು ದೊಡ್ಡ ರೋಟರ್ ಹಾಕಿ ಎದುರುಬದುರು ದಿಕ್ಕಿಗೆ ತಿರುಗಿಸಿದರು. ಮೈ ತಿರುಗುವ ಕಾಟ ತಪ್ಪಿತು. ಭಾರದ ಚಿಂತೆಯೂ ಇಳಿಯಿತು. ಬಿದಿರಿನ ಗಳುವಿಗೆ ಮೂಟೆ ಕಟ್ಟಿ ಇಬ್ಬರು ಹೊತ್ತರೆ ಮೂಟೆ ಕೊಂಚ ಅತ್ತಿತ್ತ ಸರಿದರೂ ನಡೆಯುತ್ತದೆ, ಅಲ್ವಾ? ಹಾಗೆ. ಇನ್ನು ಎರಡೂ ರೋಟರ್ ಒಂದಕ್ಕೊಂದು ಬಡಿಯಬಾರದು. ಅದಕ್ಕೇ ಹಿಂದಿನದು ಎತ್ತರಕ್ಕೆ ಹೋಯಿತು, ಮೈ ಬಾಗಿತು.

ಮೊದಲ ಮಾದರಿ 1945ರ ಮಾರ್ಚಿನಲ್ಲಿ ಹಾರಿತು. ನೌಕಾಪಡೆಗಾಗಿ ಕಟ್ಟಿದ ಎಚ್‌ಆರ್‌ಪಿ-1ರಲ್ಲಿ 600 ಅಶ್ವಶಕ್ತಿಯ ಎಂಜಿನ್, ಎಂಟು ಜನಕ್ಕೆ ಜಾಗ. ಒಳಗೆ ಉಕ್ಕಿನ ಕೊಳವೆಗಳ ಹಂದರ, ಮೇಲೆ ಹೊದಿಸಿದ್ದು ಬಟ್ಟೆ! ದರ್ಜಿಯ ಮಗ ಅನ್ನೋದು ಇಲ್ಲಿ ನೆನಪಾಗದೆ ಇರದು. ಕಟ್ಟಿದ್ದು 20 ಮಾತ್ರ.

ಅಷ್ಟರಲ್ಲಿ ಹಡಗಿನಿಂದ ದಡಕ್ಕಿಳಿದು ಹೋರಾಡುವ ಅಮೆರಿಕದ ಮರೀನ್ ಪಡೆಗೆ ಹೊಸ ಭಯ ಹುಟ್ಟಿತ್ತು. 1946ರಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದ ಬಳಿ ನಡೆದ ಅಣುಬಾಂಬ್ ಪರೀಕ್ಷೆ ನೋಡಿದ ಮೇಲೆ, ದಡದ ಹತ್ತಿರ ಹಡಗುಗಳನ್ನು ಗುಂಪಾಗಿ ನಿಲ್ಲಿಸಿ ಸೈನಿಕರನ್ನು ಇಳಿಸುವ ಧೈರ್ಯ ಯಾರಿಗಿದೆ? ದೂರದ ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಇಳಿಸಬೇಕು ಅನ್ನುವ ಯೋಚನೆ ಗಟ್ಟಿಯಾದದ್ದು ಆಗ. ಅದರ ಪ್ರಯೋಗಗಳಲ್ಲಿ ಈ ಬಟ್ಟೆಯ ಬಾಳೆಹಣ್ಣೂ ಪಾಲ್ಗೊಂಡಿತು.

1952ರಲ್ಲಿ ಹಾರಿದ ಅದರ ತಮ್ಮ ಎಚ್-21ಕ್ಕೆ ಲೋಹದ ಮೈ, 1,425 ಅಶ್ವಶಕ್ತಿಯ ಎಂಜಿನ್. 20 ಸೈನಿಕರು ಇಲ್ಲವೇ 12 ಸ್ಟ್ರೆಚರ್ ಹಿಡಿಸುತ್ತಿತ್ತು. ವಾಯುಪಡೆ ಅದನ್ನು ಮೊದಲು ಬಯಸಿದ್ದು ಧ್ರುವದ ಚಳಿಯಲ್ಲಿ ಸಿಕ್ಕಿಬಿದ್ದವರ ರಕ್ಷಣೆಗೆ. ಫ್ರೆಂಚರು ಅಲ್ಜೀರಿಯಾ ಯುದ್ಧಕ್ಕೆ ಒಯ್ದು ಬಂದೂಕನ್ನೂ ಕಟ್ಟಿದರು.

1961ರ ಡಿಸೆಂಬರಿನಲ್ಲಿ ಅಮೆರಿಕದ ಎಚ್-21ಗಳು ದಕ್ಷಿಣ ವಿಯೆಟ್ನಾಮಿನ ಸೈಗಾನ್ ಬಂದರಿಗೆ ಬಂದಿಳಿದವು. ಅಲ್ಲಿನ ಬಿಸಿ ಗಾಳಿ ತೆಳು, ರೋಟರಿಗೆ ಹಿಡಿತ ಕಡಿಮೆ. 1963ರ ಜನವರಿ 2ರಂದು ದಕ್ಷಿಣ ವಿಯೆಟ್ನಾಂ ಸೇನೆ ಆಪ್ ಬಾಕ್ ಹಳ್ಳಿಗೆ ದಾಳಿ ಹೊರಟಾಗ ಹತ್ತು ಬಾಳೆಹಣ್ಣು ಸೇರಿ ಒಂದು ಸಲಕ್ಕೆ ಒಯ್ದದ್ದು ನೂರು ಚಿಲ್ಲರೆ ಜನರನ್ನು. ಮಂಜು ಕವಿದು ಉಳಿದವರು ಎರಡು ತಾಸಿಗೂ ಜಾಸ್ತಿ ಕಾದರು. ಆಮೇಲೆ ಇನ್ನೊಂದು ತುಕಡಿಯನ್ನು ಇಳಿಸಿದ ಗದ್ದೆ ಮರಗಳ ಸಾಲಿಗೆ ತೀರಾ ಹತ್ತಿರ. ಆ ಸರ್ಕಾರದ ವಿರುದ್ಧ ಕಾದಾಡುತ್ತಿದ್ದ ವಿಯೆಟ್ ಕಾಂಗ್ ಹೋರಾಟಗಾರರು ಅಲ್ಲೇ ಅಡಗಿ ಕೂತಿದ್ದರು. ಬೆಂಗಾವಲಿನವೂ ಸೇರಿ ಅಂದು ಬಂದ 15 ಹೆಲಿಕಾಪ್ಟರುಗಳಲ್ಲಿ 14ಕ್ಕೆ ಗುಂಡು ಬಿತ್ತು, ಐದು ಕೈಬಿಟ್ಟುಹೋದವು.

ಮುಂದೆ ಹ್ಯೂಯಿ, ಚಿನೂಕ್ ಎಂಬ ಹೊಸ ಹೆಲಿಕಾಪ್ಟರುಗಳು ಎಚ್-21ರ ಜಾಗ ಹಿಡಿದವು. ಚಿನೂಕ್ ಹುಟ್ಟಿದ್ದು ಪಿಯಾಸೆಕಿ ಕಟ್ಟಿದ ಕಂಪನಿಯಲ್ಲೇ. ಅಷ್ಟರಲ್ಲಿ ಅವರು ಹೊರಬಂದಿದ್ದರು, ಕಂಪನಿ ಬೋಯಿಂಗ್ ಕೈಸೇರಿತ್ತು. 2019ರ ಮಾರ್ಚಿನಲ್ಲಿ ಚಂಡೀಗಢದಲ್ಲಿ ನಮ್ಮ ವಾಯುಪಡೆ ಸೇರಿದ್ದು ಅದೇ ಚಿನೂಕ್. ಅದರ ಮೈ ನೆಟ್ಟಗಿದೆ. ಹಿಂದಿನ ರೋಟರ್ ಮಾತ್ರ ಇನ್ನೂ ಎತ್ತರದಲ್ಲೇ ಕೂತಿದೆ.