ಗೆರೆ ಯಾವ ಕಡೆಗೆ ವಾಲಬೇಕು?

ರಾತ್ರಿ ಹನ್ನೊಂದು ದಾಟಿತ್ತು. ತಂಡದ ಕಿರಿಯ ಸಹೋದ್ಯೋಗಿಯ ಫೋನ್. "ಸರ್, ವರದಿ ಬರೆದಾಯಿತು ಎಂದು ಲಾಗ್ ಹೇಳುತ್ತಿದೆ. ಒಂದು ದೋಷವೂ ಇಲ್ಲ. ಆದರೆ ಫೋಲ್ಡರ್ ಖಾಲಿ ಇದೆ." ತಮ್ಮ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮೂರು ವಾರ ಓಡಿಸಿ, ಸರಿಯಿದೆ ಎಂದು ಖಾತ್ರಿ ಮಾಡಿಕೊಂಡಿದ್ದ ಪ್ರೋಗ್ರಾಂ ಅದು. ಅಂದು ಸಂಜೆಯಷ್ಟೇ ಅದನ್ನು ಲಿನಕ್ಸ್ ಸರ್ವರಿಗೆ ಏರಿಸಿದ್ದೆವು.

ಲಾಗಿನ್ ಆಗಿ ನೋಡಿದೆ. ವರದಿ ಎಂಬ ಫೋಲ್ಡರ್ ನಿಜಕ್ಕೂ ಖಾಲಿ. ಅದರ ಹೊರಗೆ, ಪ್ರೋಗ್ರಾಂ ಓಡುತ್ತಿದ್ದ ಜಾಗದಲ್ಲೇ, ಹನ್ನೆರಡು ಫೈಲುಗಳು ಸಾಲಾಗಿ ಬಿದ್ದಿದ್ದವು. ಒಂದರ ಹೆಸರು ಹೀಗಿತ್ತು:

ವರದಿ\ಮಾರ್ಚ್\ಮಾರಾಟ.ಪಿಡಿಎಫ್

ಇದನ್ನು ಫೋಲ್ಡರ್, ಅದರೊಳಗೆ ಇನ್ನೊಂದು ಫೋಲ್ಡರ್, ಅದರೊಳಗೆ ಫೈಲ್ ಎಂದು ಓದಿಕೊಳ್ಳುವುದು ನಮ್ಮ ಕಣ್ಣು. ಲಿನಕ್ಸಿಗೆ ಇದು ಇಡಿಯಾಗಿ ಒಂದೇ ಫೈಲಿನ ಹೆಸರು. ಅಲ್ಲಿ ಫೈಲಿನ ಹೆಸರಿನೊಳಗೆ ಬರಕೂಡದವು ಎರಡೇ: ಫೋಲ್ಡರುಗಳನ್ನು ಬೇರ್ಪಡಿಸುವ / ಮತ್ತು ಸೊನ್ನೆ ಬೈಟ್. ಬ್ಯಾಕ್‌ಸ್ಲ್ಯಾಶ್ (\) ಅದರ ಪಾಲಿಗೆ ಕ, ಚ, ಟ ಇದ್ದ ಹಾಗೆ ಮತ್ತೊಂದು ಅಕ್ಷರ. ಹಾಗಾಗಿ ತಕರಾರೇ ತೆಗೆಯದೆ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಟ್ಟಿತ್ತು. ಕೋಡ್ ತೆರೆದರೆ ಫೋಲ್ಡರಿನ ಹೆಸರು, ಬ್ಯಾಕ್‌ಸ್ಲ್ಯಾಶ್, ಫೈಲಿನ ಹೆಸರು ಮೂರನ್ನೂ ಕೂಡಿಸುವ ಚಿಹ್ನೆಯಿಂದ ಹೊಲಿದಿದ್ದರು. ದೋಷ ಬಂದು ಪ್ರೋಗ್ರಾಂ ನಿಂತಿದ್ದರೆ ಐದು ನಿಮಿಷದ ಕೆಲಸವಾಗುತ್ತಿತ್ತು. ಎಲ್ಲ ಸರಿಯಾಯಿತು ಎಂದು ವರದಿ ಮಾಡುವ ಇಂಥ ತಪ್ಪುಗಳನ್ನು ಕಂಡರೆ ನನಗೆ ನಿಜವಾಗಿಯೂ ಭಯ.

ಒಂದೇ ಕೆಲಸಕ್ಕೆ ವಿಂಡೋಸ್‌ನಲ್ಲಿ \, ಲಿನಕ್ಸಿನಲ್ಲಿ / ಎಂದು ಎರಡು ಗೆರೆಗಳು ಯಾಕೆ ಬಂದವು ಎಂದು ಹೊಸಬರು ಕೇಳುತ್ತಾರೆ. ಲಿನಕ್ಸಿಗೆ ಮಾದರಿಯಾದ ಯುನಿಕ್ಸ್ 1970ರ ದಶಕದ ಆರಂಭದಿಂದಲೂ / ಬಳಸುತ್ತಿತ್ತು. ವಿಂಡೋಸ್‌ಗಿಂತ ಹಿಂದಿನದು ಎಂಎಸ್-ಡಾಸ್. 1981ರ ಮೊದಲ ಎಂಎಸ್-ಡಾಸ್‌ನಲ್ಲಿ ಫೋಲ್ಡರ್ ಎಂಬುದೇ ಇರಲಿಲ್ಲ. ಫ್ಲಾಪಿಯಲ್ಲಿದ್ದ ಫೈಲುಗಳೆಲ್ಲ ಒಂದೇ ಪಟ್ಟಿಯಲ್ಲಿ. ಆದರೆ ಆದೇಶದ ಜೊತೆ ಆಯ್ಕೆಗಳನ್ನು ಸೂಚಿಸಲು / ಆಗಲೇ ಬಳಕೆಗೆ ಬಂದಿತ್ತು. ಇಂದಿಗೂ ವಿಂಡೋಸ್‌ನ ಕಮಾಂಡ್ ಕಿಟಕಿಯಲ್ಲಿ ಡಿಐಆರ್ /ಡಬ್ಲ್ಯು ಎಂದು ಒತ್ತಿದರೆ ಫೈಲುಗಳ ಪಟ್ಟಿ ಅಗಲಕ್ಕೆ ಹರಡಿಕೊಳ್ಳುತ್ತದೆ. 1983ರಲ್ಲಿ ಐಬಿಎಂನ ಪಿಸಿ ಎಕ್ಸ್‌ಟಿ 10 ಮೆಗಾಬೈಟ್ ಹಾರ್ಡ್ ಡಿಸ್ಕಿನೊಂದಿಗೆ ಬಂದಾಗ ಫೋಲ್ಡರುಗಳಿಲ್ಲದೆ ಗತ್ಯಂತರವಿರಲಿಲ್ಲ. ಡಾಸ್ 2.0 ಫೋಲ್ಡರುಗಳನ್ನು ತಂದಿತು. / ಖಾಲಿ ಇರಲಿಲ್ಲವಾದ್ದರಿಂದ ಅದರ ಕನ್ನಡಿಬಿಂಬವನ್ನು ಆರಿಸಿಕೊಂಡಿತು. ಆ \ ಗುರುತಾದರೂ ಫೈಲುಗಳಿಗಾಗಿ ಹುಟ್ಟಿದ್ದಲ್ಲ. /\ ಮತ್ತು \/ ಎಂದು ತರ್ಕದ ಚಿಹ್ನೆಗಳನ್ನು ಬರೆಯಲು ಅನುಕೂಲವಾಗಲಿ ಎಂದು ಕಂಪ್ಯೂಟರ್ ವಿಜ್ಞಾನಿ ಬಾಬ್ ಬೆಮರ್ ಅದನ್ನು 1961ರಲ್ಲಿ ಆಸ್ಕಿ ಅಕ್ಷರಗಣಕ್ಕೆ ಸೇರಿಸಿದ್ದರು. ಹಳೆಯ ಮ್ಯಾಕ್‌ಗಳಂತೂ ಇವೆರಡನ್ನೂ ಬಿಟ್ಟು : ಬಳಸುತ್ತಿದ್ದವು.

ಹಾಗಾದರೆ ಎಲ್ಲೆಡೆಯೂ / ಎಂದೇ ಬರೆದರಾಯಿತಲ್ಲ, ವಿಂಡೋಸ್ ಅದನ್ನೂ ಒಪ್ಪುತ್ತದಲ್ಲ ಎಂಬುದು ಮುಂದಿನ ಪ್ರಶ್ನೆ. ಬಹುಮಟ್ಟಿಗೆ ಒಪ್ಪುತ್ತದೆ. ಆದರೆ 260 ಅಕ್ಷರಗಳ ಹಳೆಯ ಮಿತಿಯನ್ನು ದಾಟಲು \\?\ ಎಂದು ಶುರು ಮಾಡುವ ವಿಳಾಸದಲ್ಲಿ / ನಡೆಯುವುದಿಲ್ಲ. ಅದಕ್ಕಿಂತ ಹೆಚ್ಚು ಕಾಡುವುದು ತಾಳೆ ನೋಡುವ ಕೆಲಸ. ನೀವು ಸೆಟ್ಟಿಂಗ್ಸ್ ಫೈಲಿನಲ್ಲಿ ವರದಿ/ಮಾರ್ಚ್ ಎಂದು ಬರೆದಿಟ್ಟಿರುತ್ತೀರಿ. ವಿಂಡೋಸ್‌ನಲ್ಲಿ ಲೈಬ್ರರಿ, ಅಂದರೆ ನಾವು ಬಳಸುವ ಸಿದ್ಧ ಕೋಡು, ಫೋಲ್ಡರುಗಳನ್ನು ಜಾಲಾಡಿ ವರದಿ\ಮಾರ್ಚ್ ಎಂದು ಹಿಂದಕ್ಕೆ ಕೊಡುತ್ತದೆ. ಎರಡನ್ನೂ ಬರೀ ಪಠ್ಯವೆಂದು ಹೋಲಿಸಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಒಂದೇ ಫೈಲ್ ಪಟ್ಟಿಯಲ್ಲಿ ಎರಡು ಸಲ ಬರುತ್ತದೆ, ಇಲ್ಲವೇ ಸಿಗುವುದೇ ಇಲ್ಲ.

ಬ್ಯಾಕ್‌ಸ್ಲ್ಯಾಶ್ ಅನ್ನೇ ಕೋಡಿನಲ್ಲಿ ಬರೆದರೆ ಇನ್ನೊಂದು ಕಾಟ. ಫೋಲ್ಡರಿನ ಹೆಸರು ಇಂಗ್ಲಿಷಿನ ಸಣ್ಣ ಎನ್ ಅಕ್ಷರದಿಂದ ಶುರುವಾದರೆ ಅವೆರಡೂ ಸೇರಿ ಹೊಸ ಸಾಲಾಗುತ್ತವೆ, ಟಿ ಅಕ್ಷರವಾದರೆ ಟ್ಯಾಬ್.

ಇದಕ್ಕೆಲ್ಲ ಮದ್ದು ಎಲ್ಲರಿಗೂ ಗೊತ್ತಿರುವುದೇ: ಪಾತ್ (ಫೈಲಿನ ವಿಳಾಸ) ಜೋಡಿಸುವ ಕೆಲಸವನ್ನು ಲೈಬ್ರರಿಗೆ ಬಿಡಿ. ಪೈಥಾನ್‌ನಲ್ಲಿ 3.4ನೇ ಆವೃತ್ತಿಯಿಂದ ಪಾತ್‌ಲಿಬ್ ಇದೆ, ಸಿ ಪ್ಲಸ್ ಪ್ಲಸ್‌ನಲ್ಲಿ 2017ರ ಮಾನಕದಿಂದ ಫೈಲ್‌ಸಿಸ್ಟಂ ಲೈಬ್ರರಿ ಇದೆ, ಜಾವಾದಲ್ಲಿ 7ನೇ ಆವೃತ್ತಿಯಿಂದ ಪಾತ್ ಎಂಬ ಪ್ರತ್ಯೇಕ ಬಗೆಯೇ ಇದೆ. ನಮ್ಮ ಸಹೋದ್ಯೋಗಿಯೂ ಮರುದಿನವೇ ಕೋಡನ್ನೆಲ್ಲ ಹಾಗೆ ತಿದ್ದಿದರು. ಶ್ರದ್ಧೆಯಿಂದ, ಒಂದು ಜಾಗವನ್ನೂ ಬಿಡದೆ ತಿದ್ದಿದರು. ಎರಡನೆಯ ತೊಂದರೆ ಬಂದದ್ದು ಅಲ್ಲಿಂದಲೇ.

ವರದಿಗಳನ್ನು ನಾವು ಕ್ಲೌಡ್ ಸಂಗ್ರಹಕ್ಕೂ ಕಳಿಸುತ್ತಿದ್ದೆವು. ಅಂಥ ಸಂಗ್ರಹದಲ್ಲಿ ಸಾಮಾನ್ಯವಾಗಿ ನಿಜವಾದ ಫೋಲ್ಡರುಗಳಿರುವುದಿಲ್ಲ. ಪ್ರತಿ ಫೈಲಿಗೂ ಒಂದು ಉದ್ದನೆಯ ಹೆಸರು, ಅದರ ನಡುವೆ / ಬಂದರೆ ಫೋಲ್ಡರ್ ಇದ್ದ ಹಾಗೆ ತೋರಿಸುತ್ತಾರೆ ಅಷ್ಟೆ. ಈಗ ಆ ಹೆಸರನ್ನೂ ಲೈಬ್ರರಿಯೇ ಜೋಡಿಸುತ್ತಿತ್ತು. ಸರ್ವರಿನಿಂದ ಹೋದ ಹೆಸರಿನಲ್ಲಿ /, ಯಾರಾದರೂ ತಮ್ಮ ವಿಂಡೋಸ್ ಯಂತ್ರದಿಂದ ಕಳಿಸಿದರೆ \. ಒಂದೇ ವರದಿಗೆ ಎರಡು ಪ್ರತಿ, ಗ್ರಾಹಕರು ಕೊಂಡಿ ಒತ್ತಿದರೆ ಒಮ್ಮೆ ಹಳೆಯದು, ಒಮ್ಮೆ ಏನೂ ಇಲ್ಲ. ಡೇಟಾಬೇಸಿನಲ್ಲೂ ಎರಡು ಬಗೆಯ ಸಾಲುಗಳು ಬೆರೆತುಹೋಗಿದ್ದವು. ಅದನ್ನು ತೊಳೆಯಲು ಎರಡು ದಿನ ಹಿಡಿಯಿತು.

ನಾನು ಹೇಳಬೇಕೆಂದಿರುವುದು ಇಲ್ಲಿದೆ. ಪಾತ್ ಕಟ್ಟುವ ಮುನ್ನ ಅದನ್ನು ಯಾರು ಓದುತ್ತಾರೆ ಎಂದು ಕೇಳಿಕೊಳ್ಳಬೇಕು. ಓದುವುದು ಈ ಯಂತ್ರದ ಡಿಸ್ಕ್ ಆದರೆ ಗೆರೆಯನ್ನು ಈ ಯಂತ್ರವೇ ನಿರ್ಧರಿಸಲಿ. ಯಂತ್ರದಿಂದ ಹೊರಗೆ ಹೋಗುವುದಾದರೆ, ಅಂದರೆ ಜಾಲವಿಳಾಸ, ಜಿಪ್ ಒಳಗಿನ ಹೆಸರು, ಕ್ಲೌಡ್ ಸಂಗ್ರಹದ ಹೆಸರು, ಡೇಟಾಬೇಸಿನ ಸಾಲು ಇವುಗಳಾದರೆ, ಯಾವ ಯಂತ್ರದಲ್ಲಿ ಓಡಿದರೂ / ಮಾತ್ರ. ಗೋ ಭಾಷೆಯವರು ಇದನ್ನು ಮೊದಲೇ ಮನಗಂಡು ಎರಡು ಬೇರೆ ಪ್ಯಾಕೇಜುಗಳನ್ನೇ ಕೊಟ್ಟಿದ್ದಾರೆ: ಪಾತ್ ಎಂಬುದು ಯಾವಾಗಲೂ / ಬಳಸುತ್ತದೆ, ಫೈಲ್‌ಪಾತ್ ಎಂಬುದು ಯಂತ್ರವನ್ನು ನೋಡಿ ಬದಲಾಗುತ್ತದೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಕೂಡ ತನ್ನೊಳಗೆ / ಬಿಟ್ಟು ಬೇರೆ ಇಟ್ಟುಕೊಳ್ಳುವುದಿಲ್ಲ. ದೊಡ್ಡವರೂ ಇಲ್ಲಿ ಎಡವಿದ್ದಾರೆ. ಜಿಪ್‌ನ ನಿಯಮದಲ್ಲಿ / ಎಂದೇ ಬರೆದಿದ್ದರೂ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಫ್ರೇಮ್‌ವರ್ಕ್ ಫೋಲ್ಡರನ್ನು ಜಿಪ್ ಮಾಡುವಾಗ \ ಬರೆಯುತ್ತಿತ್ತು, 4.6.1ನೇ ಆವೃತ್ತಿಯಲ್ಲಿ ಅದನ್ನು ತಿದ್ದಿದರು.

ಲೈಬ್ರರಿಯ ಜೋಡಣೆಯಲ್ಲೂ ಒಂದು ಗುಂಡಿ ಇದೆ. ಪೈಥಾನ್‌ನಲ್ಲಿ ಎರಡನೆಯ ತುಂಡು / ನಿಂದ ಶುರುವಾದರೆ ಮೊದಲನೆಯದನ್ನು ಅದು ಎಸೆದುಬಿಡುತ್ತದೆ. ಬಳಕೆದಾರರು ಕೊಟ್ಟ ಹೆಸರನ್ನು ಹಾಗೆಯೇ ಜೋಡಿಸಿದರೆ, ನಿಮ್ಮ ಫೋಲ್ಡರಿನೊಳಗೆ ಬರೆಯಬೇಕಾದ ಫೈಲ್ ಸರ್ವರಿನ ಇನ್ನಾವುದೋ ಮೂಲೆಗೆ ಹೋಗಬಹುದು. ಜೋಡಿಸಿ ಬಂದ ವಿಳಾಸ ಇನ್ನೂ ನಿಮ್ಮ ಫೋಲ್ಡರಿನೊಳಗೇ ಇದೆಯೇ ಎಂದು ನೋಡದೆ ಬರೆಯಬೇಡಿ.

ಪರೀಕ್ಷೆಗೆ ಎರಡೂ ಯಂತ್ರಗಳು ಬೇಕು, ಬೇರೆ ದಾರಿಯಿಲ್ಲ. ಪಾತ್‌ಲಿಬ್‌ನಲ್ಲಿ ಲಿನಕ್ಸ್ ಮೇಲೆಯೇ ವಿಂಡೋಸ್ ನಿಯಮಗಳನ್ನು ಒರೆಗೆ ಹಚ್ಚುವ ಸೌಲಭ್ಯ ಇದೆ, ಅದು ಬಹಳ ಉಪಯೋಗ. ಆದರೂ ಪ್ರತಿ ಬದಲಾವಣೆಯನ್ನು ಎರಡೂ ಕಡೆ ಓಡಿಸುವ ಪದ್ಧತಿಯನ್ನು ನಾವು ಅಂದಿನಿಂದ ಬಿಟ್ಟಿಲ್ಲ.

ಕನ್ನಡದ ಹೆಸರುಗಳನ್ನಿಡುವವರು ಗೆರೆಯ ಆಚೆಗೂ ಒಂದು ಹೆಜ್ಜೆ ನೋಡಬೇಕು. ಕೋಲಾರ ಎಂಬ ಹೆಸರಿನ ಓಕಾರವನ್ನು ಯುನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ಚಿಹ್ನೆಗಳಾಗಿ ಬಿಡಿಸಿಯೂ ಬರೆಯಬಹುದು. ಯುನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಮೊದಲನೆಯದು 3 ಬೈಟ್, ಎರಡನೆಯದು 9. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಬಂದ ಫೈಲನ್ನು ಲಿನಕ್ಸಿನಲ್ಲಿ ಕೀಲಿಮಣೆಯಿಂದ ಹೆಸರು ಒತ್ತಿ ಹುಡುಕಿದರೆ ಸಿಗುವುದಿಲ್ಲ. ಹೆಸರನ್ನು ಒಳಗೆ ಬಿಟ್ಟುಕೊಳ್ಳುವಾಗಲೇ ಒಂದು ರೂಪಕ್ಕೆ ತಂದುಕೊಳ್ಳುತ್ತೇವೆ, / ಮತ್ತು \ ಗಳನ್ನು ತರುವ ಅದೇ ಜಾಗದಲ್ಲಿ.

ನಮ್ಮ ಲಿನಕ್ಸ್ ಪರೀಕ್ಷಾ ಯಂತ್ರದ ಫೋಲ್ಡರಿನಲ್ಲಿ ಈಗ ಮೂರು ಫೈಲುಗಳು ಕಾಯಂ ಇವೆ. ಒಂದರ ಹೆಸರಿನ ನಡುವೆ ಬ್ಯಾಕ್‌ಸ್ಲ್ಯಾಶ್ ಇದೆ. ಉಳಿದ ಎರಡರ ಹೆಸರೂ ಕೋಲಾರ.